ಆರಿಸಿಟ್ಟ ಮೊಟ್ಟೆಗಳು

"ಇದು ಬೇಡ. ಇದೂ ಬೇಡ." ಪ್ರೊಫೆಸರರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ತಟ್ಟೆಯಲ್ಲಿದ್ದ ಕಪ್ಪೆಮೊಟ್ಟೆಗಳನ್ನು ಗಾಜಿನ ನಳಿಕೆಯಿಂದ ಹೀರಿ ಕಸದ ಲೋಟಕ್ಕೆ ಬಿಡುತ್ತಿದ್ದರು. ಸಾಸಿವೆಯಷ್ಟು ದಪ್ಪದ ಮೊಟ್ಟೆಗಳು. ಅರ್ಧ ಕಪ್ಪು, ಅರ್ಧ ಬಿಳಿ. ಅವರ ವಿದ್ಯಾರ್ಥಿನಿ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಳು.

ಜೀವಕೋಶದ ಪೊರೆಯಲ್ಲಿ ನೀರಿಗೆಂದೇ ಒಂದು ಪ್ರೋಟೀನಿನ ಬಾಗಿಲಿದೆ. ತಲೆಗೆ ಪೆಟ್ಟು ಬಿದ್ದವರ ಮಿದುಳು ಊದಿಕೊಳ್ಳುವಾಗ ನೀರು ನುಗ್ಗುವುದು ಅಲ್ಲಿಂದಲೇ. ಆ ಬಾಗಿಲನ್ನು ಮುಚ್ಚುವ ಔಷಧಿಗಾಗಿ ಅವಳು ನಾಲ್ಕು ವರ್ಷ ಸವೆಸಿದ್ದಳು. ಪರೀಕ್ಷೆ ಸರಳ. ಕಪ್ಪೆಯ ಮೊಟ್ಟೆ ಆ ಬಾಗಿಲನ್ನು ಕಟ್ಟಿಕೊಳ್ಳುವಂತೆ ಸೂಜಿಮದ್ದು ಚುಚ್ಚಿ, ಎರಡು ದಿನ ಉಪ್ಪುನೀರಿನಲ್ಲಿಟ್ಟು, ಆಮೇಲೆ ಬರಿ ನೀರಿಗೆ ಬಿಟ್ಟರೆ ಮೂರು ನಿಮಿಷದಲ್ಲಿ ಊದಿ ಒಡೆಯುತ್ತದೆ. ಚುಚ್ಚಿದರೂ ಬಾಗಿಲು ಕಟ್ಟಿಕೊಳ್ಳದ ಮೊಟ್ಟೆಗಳು ಮಾತ್ರ ಒಡೆಯುವುದಿಲ್ಲ. ನೀರಿಗೆ ಔಷಧಿ ಬೆರೆಸಿದಾಗ ಒಡೆಯದಿದ್ದರೆ ಗೆದ್ದಂತೆ. ಪ್ರೊಫೆಸರರ ಕೈಯಲ್ಲಿ ಪ್ರತಿ ಸಲವೂ ಗೆಲುವು. ಅವಳ ಕೈಯಲ್ಲಿ ಐದು ಸಲವೂ ಔಷಧಿಯಲ್ಲೇ ಒಡೆದವು.

"ಕಪ್ಪೆ ಸರಿಯಿಲ್ಲ," ಎಂದು ಅವರು ತೀರ್ಪು ಕೊಟ್ಟುಬಿಟ್ಟಿದ್ದರು.

ಕಪ್ಪೆ ಸಾಕುವ ಮುದುಕನನ್ನು ಎಲ್ಲರೂ ಕಪ್ಪೆಯಜ್ಜ ಎನ್ನುತ್ತಿದ್ದರು. ನಿನ್ನೆ ಅವನು ತೊಟ್ಟಿಯ ಬಳಿ ಅವಳನ್ನು ನಿಲ್ಲಿಸಿಕೊಂಡಿದ್ದ. "ಈ ತಿಂಗಳಿಗೇ ಸಾಕು ಅಂದ್ರು ತಾಯಿ. ಇಪ್ಪತ್ತು ವರ್ಷ ಆಯ್ತು. ನಮ್ಮ ಮನೆಯೋಳು ಹೇಳ್ತಾಳೆ, ನನ್ನ ಮುಖಕ್ಕಿಂತ ಕಪ್ಪೆ ಮುಖಾನೇ ನೀವು ಜಾಸ್ತಿ ನೋಡಿರೋದು ಅಂತ. ಮೊಟ್ಟೆ ಒಡೆದ್ರೆ ನನ್ನ ಮೇಲ್ಯಾಕೆ ಗೂಬೆ ಕೂರಿಸ್ತಾರೆ?"

ಅವಳು ರಾತ್ರಿಯಿಡೀ ತನ್ನ ಐದು ಪ್ರಯೋಗಗಳ ಟಿಪ್ಪಣಿ ತಿರುವಿಹಾಕಿದ್ದಳು.

ಈಗ ಕಸದ ಲೋಟವನ್ನೇ ದಿಟ್ಟಿಸಿದಳು. ಅದರಲ್ಲಿದ್ದವೆಲ್ಲ ಒಂದಿಷ್ಟು ಉಬ್ಬಿದ ಮೊಟ್ಟೆಗಳು. ಅವಳಿಗೆ ಮೈಯೆಲ್ಲ ಉರಿಯಿತು.

"ಸರ್, ಉಬ್ಬಿದ್ದನ್ನೆಲ್ಲ ಎಸೀತಿದ್ದೀರಲ್ಲ. ಬಾಗಿಲು ಇರೋದಕ್ಕೇ ಅವು ಉಬ್ಬಿರೋದು, ಅಲ್ವಾ? ನಾನು ಒಂದನ್ನೂ ಎಸೆದಿರಲಿಲ್ಲ."

"ಅವು ರೋಗದ ಮೊಟ್ಟೆ. ನೀನು ಹುಟ್ಟೋಕೆ ಮುಂಚೆಯಿಂದ ಆರಿಸ್ತಿದ್ದೀನಿ ಕಣಮ್ಮ." ಅವರು ನಕ್ಕರು. "ಮುಖ ಊದಿಸ್ಕೋಬೇಡ. ಊದೋದು ಮೊಟ್ಟೆ ಕೆಲಸ."

"ಕಪ್ಪೆಯದ್ದೇನೂ ತಪ್ಪಿಲ್ಲ ಸರ್. ಅಜ್ಜನ್ನ ಯಾಕೆ ಕೆಲಸದಿಂದ ಕಳಿಸ್ತಿದ್ದೀರ?"

ನಗು ನಿಂತಿತು. "ಹೊರಗೆ ಔಷಧಿ ಕಂಪನಿಯೋರು ಕೂತಿದ್ದಾರೆ. ನಿನ್ನ ಪ್ರಬಂಧಕ್ಕೆ ಸಹಿ ಹಾಕೋದು ಯಾರು ಅನ್ನೋದು ನೆನಪಿರಲಿ."

ಕಂಪನಿಯಿಂದ ಬಂದವರು ಇಬ್ಬರು, ಒಬ್ಬ ಗಂಡಸು, ಒಬ್ಬ ಹೆಂಗಸು. ಪ್ರೊಫೆಸರರು ಕುರ್ಚಿ ಎಳೆದು ಕೊಟ್ಟರು, ಪರದೆಯ ಮೇಲೆ ಮೊಟ್ಟೆಗಳು ದೊಡ್ಡದಾಗಿ ಕಾಣುವಂತೆ ಮಾಡಿದರು. "ಹೂಂ, ಬಿಡಮ್ಮ ಔಷಧಿಗೆ," ಎಂದರು.

ಪ್ರೊಫೆಸರರು ಆರಿಸಿಟ್ಟ ಮೊಟ್ಟೆಗಳಲ್ಲಿ ಹತ್ತನ್ನು ಅವಳು ನಳಿಕೆಗೆ ಹೀರಿಕೊಂಡಳು. ಔಷಧಿಯ ಬಟ್ಟಲನ್ನು ಬದಿಗೆ ಸರಿಸಿ, ಇನ್ನೊಂದು ಬಟ್ಟಲಿಗೆ ಮೊಟ್ಟೆಗಳನ್ನು ಬಿಟ್ಟಳು.

"ಇದರಲ್ಲಿ ಔಷಧಿ ಇಲ್ಲ. ಬರಿ ನೀರು," ಎಂದಳು.

"ಏನ್ ಮಾಡ್ತಿದ್ದೀಯ?"

"ಔಷಧಿ ಇಲ್ದಿದ್ರೆ ಒಡೀಬೇಕಲ್ವಾ ಸರ್? ನೋಡೋಣ. ಮೂರೇ ನಿಮಿಷ."

ಪ್ರೊಫೆಸರರು ಬಟ್ಟಲಿಗೆ ಕೈಚಾಚಿದರು. ಕಂಪನಿಯ ಹೆಂಗಸು ಪರದೆಯಿಂದ ಕಣ್ಣು ಕೀಳದೆ, "ಇರಲಿ, ಬಿಡಿ," ಎಂದಳು. ಅವರ ಕೈ ಅಲ್ಲೇ ನಿಂತಿತು.

ಮೂರು ನಿಮಿಷ ಕಳೆಯಿತು. ಐದಾಯಿತು. ಗಂಡಸು ಪೆನ್ನಿಗೆ ಮುಚ್ಚಳ ಹಾಕಿದ. ಗೋಡೆಯಾಚೆ ಅಜ್ಜ ತೊಟ್ಟಿಯ ನೀರು ಬದಲಿಸುವ ಸದ್ದು ಕೇಳುತ್ತಿತ್ತು.

ಬರಿ ನೀರಿನ ತಳದಲ್ಲಿ ಹತ್ತೂ ಮೊಟ್ಟೆಗಳು ಕಪ್ಪು ಬದಿ ಮೇಲಾಗಿ, ದುಂಡಗೆ, ಅಲ್ಲಾಡದೆ ಕೂತಿದ್ದವು.