ಹಲ್ಲು ಬೇಡದ ಮಿಠಾಯಿ

ಅತ್ತೆಯ ಬಾಯಲ್ಲಿ ಉಳಿದಿದ್ದ ಹಲ್ಲುಗಳನ್ನೆಲ್ಲ ವೈದ್ಯರು ಕಿತ್ತುಹಾಕಿದ ಮೇಲೆ ಆ ಮನೆಯ ಎರಡು ಅಂತಸ್ತುಗಳ ನಡುವಿನ ಸಂಪರ್ಕವೇ ಕೆಟ್ಟುಹೋಯಿತು.

ಕೆಳಗಡೆ ದೊಡ್ಡ ಸೊಸೆಯ ಸಂಸಾರ, ಮಹಡಿಯಲ್ಲಿ ಚಿಕ್ಕ ಸೊಸೆಯದು. ದೊಡ್ಡವಳು ದರ್ಜಿ. ಬೀದಿಯ ಕಡೆಗಿದ್ದ ಕೋಣೆಯಲ್ಲೇ ಹೊಲಿಗೆ ಯಂತ್ರ ಹಾಕಿಕೊಂಡು ಕೋಟು, ಗೌನು ಹೊಲಿಯುತ್ತಿದ್ದಳು. ಚಿಕ್ಕವಳಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ. ಅಣ್ಣತಮ್ಮಂದಿರಿಬ್ಬರೂ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕುಗಳು. ಬೆಳಿಗ್ಗೆ ಒಟ್ಟಿಗೆ ಹೋಗಿ ಸಂಜೆ ಒಟ್ಟಿಗೆ ಗ್ರೀಸ್ ಬಳಿದುಕೊಂಡು ಬರುತ್ತಿದ್ದರು. ಅತ್ತೆ ಒಂದು ವಾರ ಕೆಳಗೆ, ಒಂದು ವಾರ ಮೇಲೆ.

ಸೊಸೆಯಂದಿರಿಬ್ಬರೂ ಮಾತು ಬಿಟ್ಟು ಆಗಲೇ ಒಂದು ಚಳಿಗಾಲ ಕಳೆದಿತ್ತು. ಕಾರಣ ನೀರು. ಮಹಡಿಯ ಬಟ್ಟೆ ಒಗೆಯುವ ಯಂತ್ರದ ಕೊಳವೆ ಕಳಚಿಕೊಂಡು, ನೀರು ಬಿರುಕಿನಿಂದ ಇಳಿದು, ಕೆಳಗೆ ಮೇಜಿನ ಮೇಲೆ ಹರಡಿದ್ದ ಮದುವೆ ಗಂಡಿನ ಕೋಟಿನ ಮೇಲೆ ತೊಟ್ಟಿಕ್ಕಿತ್ತು. ದೊಡ್ಡವಳು ಮೆಟ್ಟಿಲ ಬುಡದಲ್ಲಿ ನಿಂತು, “ಊರೋರಿಗೆಲ್ಲ ಕನ್ನಡಕ ಹಾಕೋಳಿಗೆ ತನ್ನ ಮನೇಲಿ ನೀರು ಹರಿಯೋದು ಕಾಣಲ್ವಾ?” ಅಂದಿದ್ದಳು. ಚಿಕ್ಕವಳು ಮೆಟ್ಟಿಲ ತುದಿಯಿಂದ, “ನೀವು ಹೊಲಿಯೋದಕ್ಕಿಂತ ಬಿಚ್ಚೋದೇ ಜಾಸ್ತಿ ತಾನೆ, ಇದನ್ನೂ ಒಂದ್ಸಲ ಬಿಚ್ಚಿ” ಅಂದುಬಿಟ್ಟಿದ್ದಳು. ಮಾತಿಗೆ ಮಾತು ಬೆಳೆದು, ಕೊನೆಗೆ ಮಾತೇ ನಿಂತುಹೋಯಿತು.

ಮಾತು ನಿಂತರೂ ನೀರಿನ ಟ್ಯಾಂಕು ಒಂದೇ, ಬಟ್ಟೆ ಒಣಹಾಕುವ ಹಗ್ಗ ಒಂದೇ, ಬೀದಿ ಬಾಗಿಲು ಒಂದೇ. ಹಾಗಾಗಿ ಸುದ್ದಿ ಸಾಗಿಸುವ ಕೆಲಸ ಅತ್ತೆಯ ಪಾಲಿಗೆ ಬಂತು. ಅವರಿಗೇನೂ ಬೇಸರವಿರಲಿಲ್ಲ. ಜೀವಮಾನವೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸಿದವರು. ಮೆಟ್ಟಿಲ ನಡುವೆ ಕಂಬಿ ಹಿಡಿದು ನಿಂತು, ಕೆಳಗಿನದನ್ನು ಮೇಲಕ್ಕೂ ಮೇಲಿನದನ್ನು ಕೆಳಕ್ಕೂ ಚಾಚೂ ತಪ್ಪದೆ ಒಪ್ಪಿಸುತ್ತಿದ್ದರು. ಬೈಗುಳವಿದ್ದರೆ ಮಾತ್ರ ದಾರಿಯಲ್ಲಿ ನುಂಗಿಕೊಳ್ಳುತ್ತಿದ್ದರು.

ಹಲ್ಲು ಹೋದ ಮೇಲೆ ಆ ವ್ಯವಸ್ಥೆ ಹದಗೆಟ್ಟಿತು. ಒಂದು ದಿನ ದೊಡ್ಡವಳು, “ಹಗ್ಗದ ಮೇಲಿನ ಬಟ್ಟೆ ತೆಗೀಬೇಕಂತೆ ಅಂತ ಹೇಳಿ” ಎಂದು ಕಳಿಸಿದರೆ ಮೇಲೆ ಮುಟ್ಟುವ ಹೊತ್ತಿಗೆ ಅದು “ಮೊಟ್ಟೆ ಬೇಕಂತೆ” ಆಗಿತ್ತು. ಚಿಕ್ಕವಳು ಆಶ್ಚರ್ಯಪಟ್ಟು ಆರು ಮೊಟ್ಟೆ ಕೊಟ್ಟು ಕಳಿಸಿದಳು. ದೊಡ್ಡವಳು ಅವನ್ನು ಮುಂದಿಟ್ಟುಕೊಂಡು, ಇದರ ಅರ್ಥವೇನು, ಇದು ರಾಜಿಯೋ ಅಣಕವೋ ಎಂದು ಸಂಜೆಯವರೆಗೂ ತಲೆ ಕೆಡಿಸಿಕೊಂಡಳು. ಬಟ್ಟೆ ಹಗ್ಗದ ಮೇಲೇ ಇತ್ತು.

ಅತ್ತೆಗೆ ಇದರಿಂದ ಅವಮಾನವಾಯಿತು. ಒಸಡು ಮಾಯ್ದು ಕಟ್ಟಿಸಿದ ಹಲ್ಲು ಬರುವ ತನಕ ಯಾರ ಸುದ್ದಿಯನ್ನೂ ಸಾಗಿಸುವುದಿಲ್ಲವೆಂದು ಕೂತರು. ಊಟವೂ ಬೇಡವಾಯಿತು. ಸೂಪು, ಕಿವುಚಿದ ಆಲೂಗಡ್ಡೆ, ಮತ್ತೆ ಸೂಪು. “ಎಳೆ ಮಕ್ಕಳಿಗೆ ಕೊಡೋದನ್ನ ನನಗೆ ಕೊಡ್ತೀರಿ. ತೊಟ್ಟಿಲೊಂದು ಬಾಕಿ” ಎಂದು ತಟ್ಟೆ ಸರಿಸುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಪಾರ್ಕಿನಿಂದ ಮುಖ ಅರಳಿಸಿಕೊಂಡು ಬಂದರು. ಬೆಂಚಿನಲ್ಲಿ ಪಕ್ಕ ಕೂತಿದ್ದ ತಾಯಿಯೊಬ್ಬಳು ಮಗುವಿಗೆ ಕೊಡುತ್ತ ಇವರ ಕೈಗೂ ಒಂದು ತುಂಡು ಇಟ್ಟಿದ್ದಳಂತೆ. ಬೆಳ್ಳಗೆ, ಚೌಕಾಕಾರ, ಮೇಲೆ ಹಿಟ್ಟು ಉದುರಿಸಿದ್ದು.

“ಬಾಯಲ್ಲಿಟ್ಟೆ ಕಣೆ, ಅಷ್ಟೇ. ಅಗಿಯೋ ಕೆಲಸವೇ ಇಲ್ಲ. ನಾಲಿಗೆ ಮೇಲೆ ಕೂತ್ಕೊಂಡು ತಾನಾಗೇ ಕರಗಿಹೋಯ್ತು. ಅದೇನೋ ಮಾಮಲ್ಲೋ ಅಂದ್ಲು.”

ಚಿಕ್ಕವಳು ಮರುದಿನವೇ ಅಂಗಡಿಯಿಂದ ಮಾರ್ಷ್‌ಮ್ಯಾಲೋ ಪೊಟ್ಟಣ ತಂದಳು. ಅತ್ತೆ ಒಂದನ್ನು ಬಾಯಿಗೆ ಹಾಕಿಕೊಂಡು ಈ ದವಡೆಯಿಂದ ಆ ದವಡೆಗೆ ಹೊರಳಿಸಿ, ಕೊನೆಗೆ ಅಂಗೈಗೆ ತೆಗೆದು ನೋಡಿದರು. “ಇದು ರಬ್ಬರು. ಅವಳು ಮನೇಲೇ ಮಾಡಿದ್ಲಂತೆ.”

ಮನೆಯಲ್ಲೇ ಮಾಡಬಹುದೆಂದು ಚಿಕ್ಕವಳಿಗೆ ಗೊತ್ತಾಗಿದ್ದೇ ಆಗ. ಅಡುಗೆಯ ವಿಡಿಯೋಗಳನ್ನು ನೋಡಿದಳು. ಸಕ್ಕರೆ, ಗ್ಲೂಕೋಸ್ ಪಾಕ, ಗಟ್ಟಿಯಾಗಿಸುವ ಜೆಲಟಿನ್ ಪುಡಿ, ನೀರು, ಒಂದಿಷ್ಟು ವೆನಿಲಾ; ಇಷ್ಟೇ. ಆದರೆ ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು: ಎಲೆಕ್ಟ್ರಿಕ್ ಬೀಟರ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ದೊಡ್ಡವಳ ಹತ್ತಿರ ಒಳ್ಳೆಯ ಬೀಟರ್ ಇತ್ತು. ಕೇಕಿಗೆಂದು ಕೊಂಡದ್ದು, ಗಟ್ಟಿ ಮೋಟಾರು. ಅದನ್ನು ಕೇಳುವುದಕ್ಕಿಂತ ಚಿಕ್ಕವಳು ಸಂತೆಬೀದಿಯ ಮೂಲೆಯಂಗಡಿಯಲ್ಲಿ ಅಗ್ಗದ್ದೊಂದನ್ನು ಕೊಂಡು ತಂದಳು.

ಮೊದಲ ಸಲ ಪಾಕ ಹದಕ್ಕೆ ಬಾರದೆ, ತಟ್ಟೆಯಲ್ಲಿ ಸುರಿದದ್ದು ಗೋಂದಿನಂತೆ ಉಳಿಯಿತು. ಗಂಡ ಬೆರಳದ್ದಿ, “ರುಚಿ ಚೆನ್ನಾಗಿದೆ, ಬಸ್ ಗಾಜು ಅಂಟಿಸಬಹುದು” ಅಂದ. ಅವಳು ಅವನನ್ನು ಅಡುಗೆಮನೆಯಿಂದ ಆಚೆಗೆ ಹಾಕಿದಳು.

ಎರಡನೆಯ ಸಲ ತನ್ನ ಅಂಗಡಿಗೆ ರಜೆಯಿದ್ದ ದಿನ ನೋಡಿ, ಗಂಡಸರು ಡಿಪೋಗೆ ಹೋದ ಮೇಲೆ ಶುರುಮಾಡಿದಳು. ಜೆಲಟಿನ್ನಿಗೆ ತಣ್ಣೀರು ಹಾಕಿ ನೆನೆಯಿಟ್ಟಳು. ಸಕ್ಕರೆ ಪಾಕವನ್ನು ಕುದಿಸುತ್ತ, ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಒತ್ತಿದಳು. ಮೊದಲು ಕರಗಿತು, ಸ್ವಲ್ಪ ಹೊತ್ತಿಗೆ ಎಳೆಯಾಯಿತು, ಕೊನೆಗೆ ಮೆತ್ತನೆಯ ಉಂಡೆಯಾಗಿ ನಿಂತಿತು. ಬಿಸಿ ಪಾಕವನ್ನು ಜೆಲಟಿನ್ ಮೇಲೆ ಸಣ್ಣ ಧಾರೆಯಾಗಿ ಹೊಯ್ಯುತ್ತ ಬೀಟರ್ ಒತ್ತಿದಳು. ಅತ್ತೆ ಮುಕ್ಕಾಲಿಯ ಮೇಲೆ ಕೂತು ಕತ್ತು ಚಾಚಿ ನೋಡುತ್ತಿದ್ದರು. ತಿಳಿ ಪಾಕ ಮಸುಕಾಯಿತು, ನೊರೆಯಾಯಿತು, ಬಿಳುಪಿಗೆ ತಿರುಗಿತು.

“ಬಂತು, ಬಂತು!” ಅಂದರು ಅತ್ತೆ.

ಆಗಲೇ ಬೀಟರ್ ಗರ್ರೆಂದು, ಸುಟ್ಟ ವಾಸನೆ ಬಿಟ್ಟು, ನಿಂತುಹೋಯಿತು. ಚಿಕ್ಕವಳು ತಟ್ಟಿದಳು, ಕುಟ್ಟಿದಳು, ಇನ್ನೊಂದು ಪ್ಲಗ್ಗಿಗೆ ಹಾಕಿದಳು. ಅದು ತುಟಿ ಪಿಟಕ್ಕೆನ್ನಲಿಲ್ಲ. ಚಮಚದಲ್ಲಿ ಕಡೆಯತೊಡಗಿದಳು. ಅರ್ಧ ಕಡೆದ ನೊರೆ ಬಟ್ಟಲಿನ ಅಂಚಿನಲ್ಲಿ ಆಗಲೇ ಬಿಗಿಯತೊಡಗಿತ್ತು. ಇನ್ನು ಸ್ವಲ್ಪ ಬಿಟ್ಟರೆ ಎಲ್ಲ ಒಂದು ಗಟ್ಟಿ ಮುದ್ದೆ.

ಅತ್ತೆ ನೆಲದ ಕಡೆಗೆ, ಅಂದರೆ ಕೆಳಮನೆಯ ಕಡೆಗೆ, ಬೆರಳು ತೋರಿಸಿದರು.

“ನೀವೇ ಹೋಗಿ ಕೇಳಿ ಅತ್ತೆ.”

“ನಾನು ಬೀಟರ್ ಅಂದ್ರೆ ಅವಳು ಇನ್ನೇನು ಕೊಡ್ತಾಳೋ! ನೀನೇ ಹೋಗು.”

ಬಟ್ಟಲನ್ನು ತಬ್ಬಿಕೊಂಡು ಚಿಕ್ಕವಳು ಮೆಟ್ಟಿಲಿಳಿದಳು. ಕೈಯೆಲ್ಲ ಅಂಟು, ಬಾಗಿಲನ್ನು ಮೊಣಕೈಯಿಂದ ತಟ್ಟಿದಳು. ದೊಡ್ಡವಳು ತೆರೆದಳು. ತುಟಿಗಳ ನಡುವೆ ಸಾಲಾಗಿ ಗುಂಡುಸೂಜಿ ಕಚ್ಚಿಕೊಂಡಿದ್ದರಿಂದ ಅವಳಿಗೆ ಮಾತಾಡುವ ಹಾಗಿರಲಿಲ್ಲ. ಹುಬ್ಬು ಮಾತ್ರ ಮೇಲೇರಿತು.

“ಅಕ್ಕಾ, ಬೀಟರ್ ಬೇಕಿತ್ತು. ಈಗಲೇ. ಅತ್ತೆಗೆ.”

ದೊಡ್ಡವಳು ಬಟ್ಟಲನ್ನು ನೋಡಿದಳು, ಓರಗಿತ್ತಿಯ ಕೂದಲಿಗೆ ಹತ್ತಿದ್ದ ಬಿಳಿ ನೊರೆಯನ್ನು ನೋಡಿದಳು. ಸೂಜಿಗಳನ್ನೆಲ್ಲ ಅಂಗೈಗೆ ಉಗುಳಿದಳು.

“ಬಾಗಿಲಲ್ಲಿ ನಿಂತು ಏನ್ ಮಾಡ್ತಿದ್ದೀ? ಒಳಗೆ ಬಾ. ಕೋಟಿನ ಹತ್ರ ಹೋಗಬೇಡ!”

ಹೊಲಿಗೆ ಮೇಜಿನ ಮೇಲಿದ್ದ, ಬೇರೊಬ್ಬ ಗಿರಾಕಿಯ ಕಪ್ಪು ಕೋಟಿಗೆ ಹಾಸಿಗೆ ಹೊದಿಕೆ ಹೊದಿಸಿದ್ದಾಯಿತು. ಅಡುಗೆಮನೆಯಲ್ಲಿ ದೊಡ್ಡವಳು ಬಟ್ಟಲಿಗೆ ಬೆರಳು ಒತ್ತಿ, “ಬಿಗಿದುಕೊಳ್ತಿದೆಯಲ್ಲೇ. ಬಿಸಿನೀರಿನ ಮೇಲಿಡೋಣ, ಸಡಿಲ ಆಗುತ್ತೆ” ಎಂದು ಕೆಟಲ್ಲಿನ ನೀರನ್ನು ಅಗಲವಾದ ಪಾತ್ರೆಗೆ ಸುರಿದಳು. ಬಟ್ಟಲು ಅದರೊಳಗೆ ಕೂತಿತು. ಒಬ್ಬಳು ಹಿಡಿದಳು, ಒಬ್ಬಳು ಕಡೆದಳು. ಗಟ್ಟಿ ಮೋಟಾರು ಅಡುಗೆಮನೆಯನ್ನೆಲ್ಲ ಗುಡುಗಿಸಿತು.

ಆ ಸದ್ದಿನಲ್ಲಿ ಏನು ಹೇಳಿದರೂ ಕೂಗಿಯೇ ಹೇಳಬೇಕು.

“ಅವತ್ತು ಮೊಟ್ಟೆ ಯಾಕೆ ಕಳಿಸಿದ್ದು?” ಎಂದು ಕೂಗಿದಳು ದೊಡ್ಡವಳು.

“ನೀವೇ ಕೇಳಿದ್ರಲ್ಲ!”

“ನಾನಾ? ಬಟ್ಟೆ ತೆಗೀಬೇಕಂತೆ ಅಂದಿದ್ದು!”

ಇಬ್ಬರೂ ಅತ್ತೆಯ ಕಡೆ ತಿರುಗಿದರು. ಅವರು ಆಗಷ್ಟೇ ಮೆಟ್ಟಿಲಿಳಿದು ಬಂದು ಕುರ್ಚಿ ಹಿಡಿದಿದ್ದರು. “ನನಗೇನು ಗೊತ್ತು, ಲೈನು ಸರಿ ಇರಲಿಲ್ಲ” ಅಂದರು. ಚಿಕ್ಕವಳಿಗೆ ನಗು ತಡೆಯಲಾಗದೆ ಬಟ್ಟಲು ಅಲುಗಿ, ದೊಡ್ಡವಳ ಮೂಗಿನ ಮೇಲೆ ಒಂದು ಬೊಟ್ಟು ಹಾರಿತು.

ಕೈ ಸೋತಾಗ ಇಬ್ಬರೂ ಕೆಲಸ ಅದಲುಬದಲು ಮಾಡಿಕೊಂಡರು. ನೊರೆ ದಪ್ಪವಾಗಿ, ಹೊಳೆಯುತ್ತ, ಬೀಟರಿನ ಹಿಂದೆಯೇ ಗೆರೆ ಉಳಿಸತೊಡಗಿತು. ದೊಡ್ಡವಳು ಬಟ್ಟಲಿನ ಅಂಚಿನ ಮೇಲೆ ಕಣ್ಣಿಟ್ಟು ಏನನ್ನೋ ಹೇಳಿದಳು.

“ಏನು?”

“ಕೋಟು! ಕೋಟಿನ ಕಲೆ!”

“ಕೇಳಿಸ್ತಿಲ್ಲ ಅಕ್ಕ!”

ಚಿಕ್ಕವಳು ಬೀಟರ್ ನಿಲ್ಲಿಸಿದಳು. ಮನೆ ಒಮ್ಮೆಗೇ ಮೌನವಾಯಿತು. ಗದ್ದಲದಲ್ಲಿ ಸುಲಭವಾಗಿ ಬಂದಿದ್ದ ಮಾತನ್ನು ದೊಡ್ಡವಳು ಈಗ ಮತ್ತೆ ಮೊದಲಿಂದ ಹೇಳಬೇಕಾಯಿತು. ಅವಳು ಮೂಗು ಒರೆಸಿಕೊಂಡಳು.

“ಆ ಕೋಟಿನ ಕಲೆ ಇಸ್ತ್ರಿ ಹಾಕಿದ ಕೂಡಲೇ ಹೋಯ್ತು ಅಂದೆ. ಮಾರನೇ ದಿನಾನೇ. ಹುಡುಗ ಹಾಕ್ಕೊಂಡು ಮದುವೆನೂ ಆದ. ನಿನಗೆ ಹೇಳಬೇಕು ಅಂದ್ಕೊಂಡೆ, ಅಷ್ಟರಲ್ಲಿ ನೀನು ಮುಖ ತಿರುಗಿಸಿ ಓಡಾಡ್ತಿದ್ದೆ. ನನಗೂ ಬಿಗುಮಾನ.”

ಚಿಕ್ಕವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಚಳಿಗಾಲವಿಡೀ ಎದೆಯ ಮೇಲೆ ಕೂತಿದ್ದ ಆ ಕೋಟು ಯಾರದೋ ಮದುವೆಯಲ್ಲಿ ಕುಣಿದು ಬಂದಿದೆ ಎನ್ನುವುದೇ ಅವಳಿಗೆ ಸಮಾಧಾನವಾಗಿತ್ತು.

“ಬಿಚ್ಚೋದೇ ಜಾಸ್ತಿ ಅಂದೆನಲ್ಲ, ಅದು ಸುಳ್ಳು ಅಕ್ಕ. ನನ್ನ ಗೌನು ನೋಡಿದೋರೆಲ್ಲ ಯಾರು ಹೊಲಿದಿದ್ದು ಅಂತಾರೆ. ಮೇಲಿನ ಮನೆಯಾಕೆ ಅಂತ ಹೇಳಿದ್ದೀನಿ ಒಂದೆರಡು ಸಲ, ಸಿಟ್ಟಲ್ಲಿ.”

“ನಾನು ಕೆಳಗಿನ ಮನೆಯಾಕೆ.”

“ಅದಕ್ಕೇ ಹಾಗೆ ಹೇಳಿದ್ದು. ಗಿರಾಕಿಗಳು ನನ್ನ ಬಾಗಿಲು ತಟ್ಟಲಿ ಅಂತ.”

“ಅಯ್ಯೋ ನಿನ್ನ!” ಎಂದು ದೊಡ್ಡವಳು ಅವಳ ಬೆನ್ನಿಗೊಂದು ಕೊಟ್ಟಳು. ಕೈ ಬೆನ್ನಿಗೇ ಅಂಟಿಕೊಂಡಿತು.

“ಮಾತು ಆಮೇಲೆ ಆಡಿ, ಅದು ಗಟ್ಟಿಯಾಗ್ತಿದೆ!” ಎಂದು ಅತ್ತೆ ಗದರಿದರು. ಈ ಸಲ ಒಂದಕ್ಷರವೂ ತಪ್ಪದೆ ಇಬ್ಬರಿಗೂ ಕೇಳಿಸಿತು.

ತಟ್ಟೆಗೆ ಎಣ್ಣೆ ಸವರಿ, ಕಾರ್ನ್‌ಫ್ಲೋರಿಗೆ ಸಕ್ಕರೆ ಪುಡಿ ಬೆರೆಸಿ ಉದುರಿಸಿ, ನೊರೆಯನ್ನು ಸುರಿದರು. ಸುರಿದರು ಅನ್ನುವುದಕ್ಕಿಂತ ಎಳೆದು ಹಾಕಿದರು. ಅದು ಚಮಚಕ್ಕೆ ಅಂಟಿತು, ಚಮಚದಿಂದ ಬೆರಳಿಗೆ, ಬೆರಳಿಂದ ತೋಳಿಗೆ. ದೊಡ್ಡವಳು ಅಂಗೈಗೆ ಎಣ್ಣೆ ಹಚ್ಚಿಕೊಂಡು ಇಸ್ತ್ರಿ ಹಾಕುವವಳಂತೆ ಮೇಲ್ಮೈಯನ್ನು ನೇವರಿಸಿ ಸಮ ಮಾಡಿದಳು.

ಅತ್ತೆ ಆಗಲೇ ಬೆರಳು ಚಾಚಿದ್ದರು.

“ಬೇಯೋ ತನಕ ಕಾದೋರಿಗೆ ಆರೋ ತನಕ ಕಾಯೋಕಾಗಲ್ವಾ ಅತ್ತೆ?” ಎಂದು ದೊಡ್ಡವಳು ತಟ್ಟೆಯನ್ನು ಕಪಾಟಿನ ಮೇಲಕ್ಕೆ ಸಾಗಿಸಿದಳು. ಬೀಟರಿನ ಕಡ್ಡಿಗಳನ್ನು ಮಾತ್ರ ಅತ್ತೆಯ ಕೈಗೆ ಕೊಟ್ಟರು. ಅವರು ಕಿಟಕಿಯ ಬಳಿ ಕೂತು, ಒಂದು ಕಾಲದಲ್ಲಿ ಇಡೀ ಊರಿನ ಕರೆಗಳನ್ನು ಜೋಡಿಸಿದ ಗಾಂಭೀರ್ಯದಲ್ಲಿಯೇ ಕಡ್ಡಿ ನೆಕ್ಕಿದರು.

ಮಧ್ಯಾಹ್ನವೆಲ್ಲ ಅದು ಆರಬೇಕಿತ್ತು. ಚಿಕ್ಕವಳು ಮೇಲೆ ಹೋಗಬಹುದಿತ್ತು, ಹೋಗಲಿಲ್ಲ. ಕೋಟಿಗೆ ಗುಂಡಿ ಹಾಕಬೇಕಿದ್ದ ಜಾಗಗಳಿಗೆ ಸೀಮೆಸುಣ್ಣದ ಗುರುತು ಹಾಕಿಕೊಟ್ಟಳು. ಕಣ್ಣಳತೆ ಅವಳದ್ದು ಅಂಗಡಿಯಲ್ಲಿ ಪಳಗಿದ್ದು. ದೊಡ್ಡವಳ ಕನ್ನಡಕದ ಸಡಿಲವಾದ ಕಾಲನ್ನು ಬಿಗಿಮಾಡಿದಳು. ನೀರು ಸೋರಿದ ದಿನ ಕೊಳಾಯಿ ರಿಪೇರಿಯವನಿಗಾಗಿ ರಜೆ ಹಾಕಿ ಕಾದದ್ದು, ಅವನು ಬಂದು ತಪ್ಪು ನಲ್ಲಿ ಬಿಚ್ಚಿದ್ದು, ಎಲ್ಲ ಹೇಳಿದಳು. ದೊಡ್ಡವಳು ನಕ್ಕೂ ನಕ್ಕೂ ಸೂಜಿಗೆ ದಾರ ಪೋಣಿಸಲಾಗದೆ ಒದ್ದಾಡಿದಳು.

ಸಂಜೆ ತಟ್ಟೆಯನ್ನು ಮಗುಚಿದಾಗ ಅದು ಒಂದು ದಿಂಬಿನಂತೆ ಮೆಲ್ಲಗೆ ಹಲಗೆಯ ಮೇಲೆ ಬಿತ್ತು. ಬೆರಳಲ್ಲಿ ಒತ್ತಿದರೆ ತಗ್ಗಿ ಮತ್ತೆ ಮೇಲೆದ್ದಿತು. ಚಾಕುವಿಗೆ ಅಂಟುತ್ತಿತ್ತು. ಚಿಕ್ಕವಳು ಮೇಜಿನ ಮೇಲಿದ್ದ ಕತ್ತರಿಗೆ ಕೈ ಹಾಕಿದಳು.

“ಬಟ್ಟೆ ಕತ್ತರಿ ಮುಟ್ಟೀಯ, ಜೋಕೆ! ನನ್ನ ಗಂಡನಿಗೇ ಕೊಡಲ್ಲ ಅದನ್ನ. ಕಾಗದದ ಕತ್ತರಿ ತಗೋ, ಎಣ್ಣೆ ಹಚ್ಚು.”

ಮೊದಲ ತುಂಡು ಅತ್ತೆಗೆ. ಅವರು ಬಾಯಲ್ಲಿಟ್ಟು ಕಣ್ಣು ಮುಚ್ಚಿದರು. ಕೆನ್ನೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಅಲುಗಿತು. ಸೊಸೆಯಂದಿರಿಬ್ಬರೂ ಬಗ್ಗಿ ಅವರ ಮುಖ ನೋಡಿದರು.

“ಹೇಗಿದೆ ಅತ್ತೆ?”

ಅತ್ತೆ ಎರಡನೆಯದಕ್ಕೆ ಕೈ ಚಾಚಿದರು. ಅದೂ ಕರಗಿದ ಮೇಲೆ, “ಪಾರ್ಕಿನೋಳು ನಾಳೆ ಸಿಕ್ಕರೆ ಎರಡು ತುಂಡು ಕೊಟ್ಟು ಬರ್ತೀನಿ, ಹೇಗೆ ಮಾಡೋದು ಅಂತ ಕಲಿತುಕೊಳ್ಳಲಿ” ಅಂದರು.

ಅಣ್ಣತಮ್ಮಂದಿರು ಡಿಪೋದಿಂದ ಬಂದಾಗ ತಾಯಿಯೂ ಹೆಂಡತಿಯರೂ ಒಂದೇ ಮೇಜಿನ ಸುತ್ತ, ಮೂವರ ಮೂಗಿನ ಕೆಳಗೂ ಬಿಳಿ ಮೀಸೆ. ತಮ್ಮ ಬಾಗಿಲಲ್ಲೇ ನಿಂತು ಅಣ್ಣನ ಕಿವಿಯಲ್ಲಿ, “ಏನಾಗಿದೆ ಇವತ್ತು?” ಅಂದ.

“ಕೇಳಬೇಡ. ಕೈ ತೊಳ್ಕೊಂಡು ಬಂದು ಸುಮ್ನೆ ಕೂತ್ಕೋ” ಅಂದ ಅಣ್ಣ.

ಗಂಡಸರು ಮುಷ್ಟಿಗಟ್ಟಲೆ ಬಾಯಿಗೆ ಹಾಕಿಕೊಳ್ಳುತ್ತಿರುವಾಗ ಚಿಕ್ಕವಳಿಗೆ ಮೇಲೆ ಒಲೆಯ ಮೇಲೆ ಬಿಟ್ಟುಬಂದ ಪಾಕದ ಪಾತ್ರೆ ನೆನಪಾಯಿತು. ತಳ ಗಾಜಿನಂತೆ ಗಟ್ಟಿಯಾಗಿರುತ್ತದೆ, ಕೆರೆದು ಕೆರೆದು ಸಾಕಾಗುತ್ತದೆ ಎಂದಳು.

“ಯಾಕೆ ಕೆರೀತೀಯೇ? ನೀರು ಹಾಕಿ ಕುದಿಸು, ತಾನಾಗೇ ಬಿಡುತ್ತೆ.”

“ಕುದಿಸಿದ್ರೆ ಪಾತ್ರೆ ಕಪ್ಪಾಗಲ್ವಾ?”

“ಇವಳಿಗೆ ಒಂದೂ ಗೊತ್ತಿಲ್ಲ. ನಡಿ, ತೋರಿಸ್ತೀನಿ” ಎಂದು ದೊಡ್ಡವಳು ಸೆರಗಿಗೆ ಕೈ ಒರೆಸಿಕೊಂಡು ಮುಂದಾಗಿ ಮೆಟ್ಟಿಲು ಹತ್ತಿದಳು. ಚಿಕ್ಕವಳು, “ನನ್ನ ಮನೆ ಪಾತ್ರೆ ನನಗೆ ಗೊತ್ತಿಲ್ವಾ?” ಎಂದು ವಾದಿಸುತ್ತಲೇ ಹಿಂದೆ ಹೋದಳು. ಸ್ವಲ್ಪ ಹೊತ್ತಿಗೆ ಮಹಡಿಯಿಂದ ನೀರು ಬಿಟ್ಟ ಸದ್ದೂ, ಅದಕ್ಕಿಂತ ಜೋರಾಗಿ ಇಬ್ಬರ ಮಾತೂ ಕೆಳಗಿನವರಿಗೆ ಕೇಳಿಸಿತು.