ಒಂಬತ್ತನೇ ಹಾಡಿನ ಕೊನೆಗೆ

ಮುಂದಿನ ಸೀಟಿನ ಹೆಂಗಸಿನ ಜಡೆಯಲ್ಲಿ ಕನಕಾಂಬರ ಅರ್ಧ ಬಾಡಿದೆ, ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಒಂದೊಂದು ಹೂ ಉದುರಿ ನಾಹಿದಾಳ ಮಡಿಲಿಗೆ ಬೀಳುತ್ತದೆ — ಬೀಳಲಿ, ಯಾರಿಗೆ ಬೇಕು, ಇಯರ್‌ಫೋನಿನ ಎಡಗಡೆ ಕೆಟ್ಟಿದೆ, ಬಲಗಿವಿಯಲ್ಲಿ ಒಂಬತ್ತನೇ ಹಾಡು ಮತ್ತೆ ಮುಗಿಯಿತು, ಮೂರು ದನಿ ಒಟ್ಟಿಗೆ ಎದ್ದು ಒಟ್ಟಿಗೆ ನಿಂತವು, ಆಮೇಲೆ ಏನೂ ಇಲ್ಲ. ನಾಲ್ಕು ಸೆಕೆಂಡು ಏನೂ ಇಲ್ಲ, ಸೋಪು ಹಾಕಿ ತೊಳೆದಿಟ್ಟ ಹಾಗೆ. ಅಲ್ಲಿ ಅಬ್ಬಾ ಇರಬೇಕಿತ್ತು. ಅಬ್ಬಾನ ಮಾತು, ಅಬ್ಬಾನ ನಗು, ಕೊನೆಗೊಂದು ಕೆಮ್ಮು, ಅಷ್ಟೇ, ಅಷ್ಟನ್ನೂ ಇವರಿಗೆ ಇರಲು ಬಿಡಲಾಗಲಿಲ್ಲ. ಬೆಳಿಗ್ಗೆ ಆಲ್ಬಮ್ ಫೋನಿಗೆ ಬಂತು, ‘ಒಂಬತ್ತು ಗೂಡು’ ಅಂತ ಹಳದಿ ಅಕ್ಷರ, ಕೆಳಗೆ ಹಾಡಿದ ಮೂವರ ಹೆಸರು, ಮಧುಕುಮಾರ್, ಪುನೀತ್, ನಾಹಿದಾ. ಸಂಜೆ ನಾಲ್ಕಕ್ಕೆ ಕನಕಪುರದಲ್ಲಿ ಬಿಡುಗಡೆ, ಅವಳು ಹೋಗಿ ಹಾಡಬೇಕಂತೆ, ನಗುನಗುತ್ತಾ ಹಾಡಬೇಕಂತೆ. ಹೊರಡುವಾಗ ಅಮ್ಮಿ ಬಾಗಿಲಲ್ಲಿ ನಿಂತು ಏನು ಕೇಳಿದಳು — ಅಬ್ಬಾ ಕಿ ಆವಾಜ್ ಹೈ ನಾ ಉಸ್ಮೆ, ಶಾಮ್ ಕೊ ಸುನಾ ಬೇಟಿ. ಅಬ್ಬಾನ ದನಿ ಇದೆಯಲ್ಲ ಅದರಲ್ಲಿ, ಸಂಜೆ ಕೇಳಿಸು ಅಂತ, ಇವಳು ಹೂಂ ಅಂದು ಬಂದಿದ್ದಾಳೆ. ಸಂಜೆ ಏನನ್ನು ಕೇಳಿಸುತ್ತಾಳೆ, ಈ ನಾಲ್ಕು ಸೆಕೆಂಡನ್ನೇ? ಅಬ್ಬಾನ ಬಳಿ ಇದ್ದದ್ದು ಬಟನ್ ಫೋನು, ವಾಯ್ಸ್ ಮೆಸೇಜು ಅಂದರೆ ಗೋಡೆ ಹತ್ರ ಮಾತಾಡಿದಂಗೆ ಅನ್ನುತ್ತಿದ್ದ, ಒಂದೂ ಕಳಿಸಲಿಲ್ಲ, ಮದುವೆ ವಿಡಿಯೋಗಳಲ್ಲಿ ಸಿಕ್ಕರೂ ಮೇಲೆ ಬ್ಯಾಂಡಿನ ಗದ್ದಲ, ಬಾಯಿ ಅಲ್ಲಾಡುತ್ತದೆ, ದನಿ ಇಲ್ಲ. ದನಿ ಇದ್ದದ್ದು ಜಗತ್ತಿನಲ್ಲಿ ಒಂದೇ ಕಡೆ, ಅದನ್ನೂ ಒರೆಸಿ ಹಾಕಿದರು, ಇವರ ಕೈ ಸೇದಿಹೋಗ.

ಹಾಡು ಮುಗಿದ ಮೇಲಿನದನ್ನೂ ಕೇಳಬೇಕು ಅಂತ ಯಾರು ಕಲಿಸಿದ್ದು ಅವಳಿಗೆ, ಮಧುವೇ ಅಲ್ಲವೇ. ಉಯ್ಯಂಬಳ್ಳಿಯ ಹುಡುಗ, ಹಾರೋಹಳ್ಳಿ ಫ್ಯಾಕ್ಟರಿಯಲ್ಲಿ ಹಗಲೆಲ್ಲ ಬೋಲ್ಟು ಅಳೆಯುವವನು, ಕಾಲೇಜಿನಿಂದಲೂ ಅರವತ್ತು ಎಪ್ಪತ್ತರ ಇಂಗ್ಲಿಷ್ ಬ್ಯಾಂಡು ಅಂದರೆ ಊಟ ಬಿಡುವವನು, ಮೂರು ನಿಮಿಷದ ಹಾಡು, ಮೂರು ದನಿ, ಬಚ್ಚಲಲ್ಲೂ ಗುನುಗಬೇಕು ಅಂಥ ರಾಗ, ಅದು ಕನ್ನಡದಲ್ಲಿ ಯಾಕಾಗಲ್ಲ ಅಂತ ಹತ್ತು ವರ್ಷ ತಲೆ ತಿಂದವನು. ಅವಳಿಗೆ ಕೇಳಿಸುತ್ತಿದ್ದ, ನೋಡಿಲ್ಲಿ, ಕೇಳು, ಹಾಡು ಮುಗ್ದ್ ಮೇಲೆ ಯಾರೋ ಕುರ್ಚಿ ಎಳೀತಾವ್ನೆ, ಯಾರೋ ನಗ್ತಾವ್ನೆ, ತೆಗ್ದಿಲ್ಲ ನೋಡು ಅವ್ರು, ಅದ್ಕೇ ಕಣಮ್ಮ ಅವು ಇವತ್ತಿಗೂ ಜೀವಂತ ಅವೆ. ಕಣ್ಣಲ್ಲಿ ನೀರು ಬರುತ್ತಿತ್ತು ಅವನಿಗೆ ಆ ಕುರ್ಚಿ ಸದ್ದು ಕೇಳಿದರೆ. ಯಾರೋ ಬಿಳಿಯನ ಕುರ್ಚಿಗೆ ಅಳುವವನಿಗೆ ಅಬ್ಬಾನ ನಗು, ಈ ಪೀರ್ ಸಾಬರ ನಗು, ಗಲೀಜಾಗಿ ಕಂಡಿತು. ಆ ಮನುಷ್ಯನ ಮನೆಯಲ್ಲಿ ಕೂತು ಎಷ್ಟು ಬಿರಿಯಾನಿ ತಿಂದಿದ್ದಾನೆ, ಅವನ ಗೂಡಿನ ಕೋಣೆಯಲ್ಲಿ ಇಡೀ ಆಲ್ಬಮ್ ಹಾಡಿದ್ದಾನೆ! ಸ್ಟುಡಿಯೋಗೆಲ್ಲ ಯಾಕೆ ಹೋಗ್ತೀರಾ ಬನ್ರಲಾ ಅಂದದ್ದು ಅಬ್ಬಾನೇ — ಮಾರ್ಕೆಟ್ಟಿನಿಂದ ತಂದ ರೇಷ್ಮೆಗೂಡು ಬಿದಿರಿನ ತಟ್ಟೆಗಳಲ್ಲಿ ನೆಲದಿಂದ ಸೂರಿನವರೆಗೆ, ನಾಲ್ಕು ಗೋಡೆಗೂ ಹಳದಿ ಗೂಡು, ಒಳಗೆ ನಿಂತು ಕೂಗಿದರೆ ದನಿ ಎಲ್ಲೂ ತಾಗಿ ವಾಪಸ್ಸು ಬರುವುದಿಲ್ಲ, ಮೆತ್ತಗೆ ಮುಳುಗುತ್ತದೆ, ಪುನೀತ್ ತಮಟೆಯಷ್ಟು ಜೋರಾಗಿ ಡ್ರಮ್ಮು ಬಡಿದರೂ ಪಕ್ಕದ ಮನೆಯ ಜೈನಬ್ ಚಾಚಿಗೆ ಗೊತ್ತಾಗಲಿಲ್ಲ. ತಂದ ಗೂಡಿಗೆ ಎರಡು ಮೂರು ದಿನದಲ್ಲಿ ಹಬೆ ಕೊಟ್ಟು ಒಳಗಿನ ಹುಳು ಸಾಯಿಸಬೇಕು, ರೇಷ್ಮೆ ಬಿಚ್ಚುವವರ ಮನೆಯ ಕೂಸಿಗೂ ಗೊತ್ತು. ಆದರೆ ತಟ್ಟೆ ಇಳಿಸಿದರೆ ಗೋಡೆ ಬೋಳು, ಹಾಡು ಇನ್ನೂ ಮೂರು ಬಾಕಿ, ಸಾಬ್ರೆ ಇನ್ನೊಂದ್ ದಿನ, ಸಾಬ್ರೆ ಇನ್ನೊಂದೇ ಒಂದ್ ದಿನ ಅಂತ ಮಧು, ಅವನ ಹಿಂದೆ ನಿಂತು ಅವಳೂ, ಅಬ್ಬಾ ಇನ್ನೊಂದು ದಿನ. ಐದನೇ ದಿನ ಬೆಳಿಗ್ಗೆ, ಒಂಬತ್ತನೇ ಹಾಡು, ಹಾಡುತ್ತಿರುವಾಗಲೇ ಗೋಡೆಯೆಲ್ಲ ಚರಚರ ಅನ್ನತೊಡಗಿತು, ಮೂವರೂ ಕಣ್ಣು ಮುಚ್ಚಿದ್ದರು, ಕೊನೆಯ ಸ್ವರ ನಿಲ್ಲಿಸಿ ಅವಳು ಕಣ್ಣು ಬಿಟ್ಟರೆ — ಮೈಕಿನ ಜಾಲರಿಯ ಮೇಲೆ ಒಂದು ಬಿಳಿ ಚಿಟ್ಟೆ, ಆಗ ತಾನೆ ಗೂಡು ನೆನೆಸಿ ತೂತು ಮಾಡಿಕೊಂಡು ಬಂದದ್ದು, ರೆಕ್ಕೆ ಇನ್ನೂ ಒದ್ದೆ, ಹಾರಲು ಬಾರದು, ಬರೀ ಬಡಿಯುತ್ತದೆ. ತೂತು ಬಿದ್ದ ಗೂಡಿನಿಂದ ಎಳೆ ಬರುವುದಿಲ್ಲ, ಒಂದು ಕೋಣೆ ಗೂಡು ಹಾಳು. ಬಾಗಿಲು ತೆರೆದು ನಿಂತ ಅಬ್ಬಾ ಬೈಯಬೇಕಿತ್ತು, ಯಾರಾದರೂ ಬೈಯುತ್ತಿದ್ದರು, ಅವನು ನೋಡಿದ, ನೋಡಿದ, ಅಂದ — ಲೇ ಮಧು, ನೋಡ್ಲಾ, ನಿಮ್ ಹಾಡ್ ಕೇಳಕ್ಕೆ ಇವೂ ಎದ್ ಬಂದ್ಬುಟ್ಟವೆ! ಅಂದು ನಕ್ಕ, ಹೊಟ್ಟೆ ಹಿಡಿದುಕೊಂಡು ನಕ್ಕ, ಕೆಮ್ಮು ಬರುವವರೆಗೆ. ಮೈಕು ಆನ್ ಇತ್ತು. ಮಧು ಕಿವಿಯಿಂದ ಹೆಡ್‌ಫೋನ್ ತೆಗೆದು, ಸಾಬ್ರೆ ಇದು ಆಲ್ಬಮ್‌ನಲ್ಲಿ ಇರ್ತದೆ, ಹಿಂಗೇ ಇರ್ತದೆ, ನಮ್ಮವ್ವನಾಣೆ ಅಂದ. ಎರಡು ತಿಂಗಳಿಗೆ ಅಬ್ಬಾ ಚಹಾ ಲೋಟ ಕೆಳಗಿಟ್ಟು ಗೋಡೆಗೆ ಒರಗಿದ, ಮತ್ತೆ ಏಳಲಿಲ್ಲ.

ಅವ್ವನಾಣೆಯಂತೆ, ಥೂ. ಹಾಕು ಫೋನು ಅವನಿಗೆ. ಬೆರಳು ಒತ್ತಿದಳು, ಹತ್ತಲಿಲ್ಲ, ಮತ್ತೆ ಒತ್ತಿದಳು, ದಿನವಿಡೀ ಬಿಸಿನೀರಿನಲ್ಲಿ ಗೂಡು ತಿರುವಿ ತಿರುವಿ ಸವೆದ ಬೆರಳು, ರೇಷನ್ ಅಂಗಡಿಯ ಮಿಷನ್ನೂ ಗುರುತು ಹಿಡಿಯುವುದಿಲ್ಲ, ಫೋನಂತೂ ನಾಲ್ಕು ಸಲ ಉಜ್ಜಿದ ಮೇಲೆ ಎಚ್ಚರವಾಗುತ್ತದೆ — ಹಲೋ ನಾಹಿದಾ, ಎಲ್ಲಿದೀಯಾ, ಬ್ಯಾನರ್ ಕಟ್ಟಿದ್ದಾಯ್ತು. ಅಬ್ಬಾ ಎಲ್ಲಿ ಮಧು? ಏನು? ಒಂಬತ್ತನೇ ಹಾಡಿನ ಕೊನೇಲಿ ನಮ್ಮಬ್ಬಾ ಎಲ್ಲಿ? ಬಸ್ಸಿನಲ್ಲಿ ನಾಲ್ಕು ತಲೆ ತಿರುಗಿದವು, ತಿರುಗಲಿ. ಅಯ್ಯೋ ಅದಾ, ಮಿಕ್ಸಿಂಗ್‌ನೋರು ತೆಗೆದ್ರು ಕಣಮ್ಮ, ಚಿಟ್ಟೆ ಸದ್ದು ಸಿಕ್ಕಾಪಟ್ಟೆ ಬತ್ತೈತೆ, ಕ್ಲೀನ್ ಮಾಡ್ತೀವಿ ಅಂದ್ರು. ನೀನು ಹೂಂ ಅಂದ್ಯಾ? ನಾನೂ ಒಸಿ ಯೋಚ್ನೆ ಮಾಡ್ದೆ... ಮೊದಲಿಂದು ಕೊಡು, ನಂಗೆ ಮೊದಲ್ನೇದು ಬೇಕು. ನಾಹಿದಾ, ಅದಿಲ್ಲ, ಡಿಸ್ಕ್ ತುಂಬ್ಬುಟ್ಟಿತ್ತು, ಪುನೀತ ಅಳಿಸ್ಬುಟ್ಟ, ಎಲ್ರುದೂ ಓಕೆ ಬಂದ್ಮೇಲೇ ಅಳ್ಸಿರೋದು, ನಿಂದೂ ಬಂದಿತ್ತಲ್ವಾ. ನಂದಾ? ನಾನ್ಯಾವಾಗ ಕೊಟ್ಟೆ ಓಕೆ, ಸುಳ್ಳು ಬೊಗಳಬೇಡ, ನಮ್ಮಬ್ಬಾನ್ನ ಎರಡು ಸಲ ಸಾಯಿಸಿದ್ರಿ ನೀವು! ಕಟ್ ಮಾಡಿದಳು. ಸಿಗಲಿ ಅವನು, ಕೆನ್ನೆಗೆ ಬಾರಿಸುತ್ತೇನೆ, ಬ್ಯಾನರ್ ಕೆಳಗೇ ಬಾರಿಸುತ್ತೇನೆ, ಓಕೆ ಕೊಟ್ಟಿಲ್ಲ ಅನ್ನೋ ಪ್ರೂಫ್ ಮುಖಕ್ಕೆ ಹಿಡಿಯುತ್ತೇನೆ ಅಂತ ಮೂವರ ಫೋನ್ ಗ್ರೂಪಿನ ಮೆಸೇಜು ಮೇಲೆ ಮೇಲೆ ತಳ್ಳಿದಳು, ಬ್ಯಾನರ್ ಫೋಟೋ, ಅದರ ಮೇಲೆ ಅಂಗಿಯ ಬಣ್ಣದ ಚರ್ಚೆ, ಅದರ ಮೇಲೆ ಪುನೀತನ ತಂಗಿಯ ಮಗುವಿನ ಹುಟ್ಟುಹಬ್ಬ, ಇನ್ನೂ ಮೇಲೆ ಮಧುವಿನದು — ಫೈನಲ್ ಮಿಕ್ಸ್ ಐತೆ, ಎಲ್ರೂ ಪೂರ್ತಿ ಕೇಳಿ, ಒಂಬತ್ತನೇದ್ರಲ್ಲಿ ಕೊನೆ ಒಸಿ ಕಟ್ ಮಾಡವ್ರೆ, ಬ್ಯಾಡ ಅಂದ್ರೆ ಈಗಲೇ ಹೇಳ್ಬುಡಿ, ನಾಹಿದಾ ನೀನು ಮುಖ್ಯವಾಗಿ. ಅದರ ಕೆಳಗೆ ಒಂದು ಹಳದಿ ಹೆಬ್ಬೆರಳು. ಅವಳ ಹೆಸರು. ಮಧ್ಯಾಹ್ನ ಹನ್ನೆರಡೂವರೆ.

ಅವತ್ತು ಅಬ್ಬಾ ತೀರಿದ ನಲವತ್ತನೇ ದಿನ, ಅವನ ಹೆಸರಿನ ಊಟ. ಅಂಗಳದಲ್ಲಿ ಅಡುಗೆಯ ದೊಡ್ಡ ದೇಗ್ಚಿ, ಒಲೆಯ ಹೊಗೆ, ಜನ ಬರುತ್ತಿದ್ದಾರೆ, ಫೋನು ಕುಂಯ್ ಅಂದಿತು, ಈರುಳ್ಳಿ ಹೆಚ್ಚುತ್ತಿದ್ದ ಒದ್ದೆ ಕೈ, ಓದಲಿಲ್ಲ, ಓದುವ ಹೊತ್ತೇ ಅದು, ಹೋಗಲಿ ಅಂತ ಹೆಬ್ಬೆರಳಿನ ಚಿತ್ರಕ್ಕೆ ಒಂದು ಸಲ ಒತ್ತಿ ಫೋನು ಅಕ್ಕಿ ಚೀಲದ ಮೇಲೆ ಎಸೆದಳು. ಬೇರೆ ದಿನ ನಾಲ್ಕು ಸಲ ಉಜ್ಜದೆ ಹತ್ತದ ಬೆರಳು ಅವತ್ತು ಒಂದೇ ಸಲಕ್ಕೆ ಹತ್ತಿತು. ಕನಕಪುರ ಬಂತು, ಇಳಿದಳು, ಬಿಸಿಲು ಮುಖಕ್ಕೆ ರಾಚಿತು, ನಡೆದಳು, ಯಾರ ಮೇಲೆ ಸಿಟ್ಟು ಮಾಡುವುದು ಈಗ, ಸಿಟ್ಟು ಹಾಗೇ ಇದೆ, ಕುದಿಯುವ ನೀರಿನ ಹಾಗೇ ಇದೆ, ಸುರಿಯಲು ಜಾಗವಿಲ್ಲ, ತನ್ನ ಕೈ ಮೇಲೇ ಸುರಿದುಕೊಳ್ಳಬೇಕು. ಸಭಾಂಗಣ, ಖಾಲಿ ಕುರ್ಚಿ, ಮಧು ಎದುರು ಬಂದ, ಕೆನ್ನೆ ಕೊಟ್ಟೇ ನಿಂತಿದ್ದಾನೆ, ಹೊಡಿಯಂಗಿದ್ರೆ ಹೊಡ್ದ್ಬುಡು ನಾಹಿದಾ, ತಪ್ಪು ನಂದೇ, ಅಳಿಸ್ದೆ ಇಟ್ಕೊಬೇಕಿತ್ತು. ಅಂದುಬಿಟ್ಟನಲ್ಲ, ತಪ್ಪು ನಂದೇ ಅಂದುಬಿಟ್ಟನಲ್ಲ ದರಿದ್ರ. ಅವಳು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು ಮೈಕಿನ ಮುಂದೆ ಹೋಗಿ ನಿಂತಳು. ಒಂಬತ್ತನೇದು ಹಾಡಣ ಅಂದಳು. ಮೈಕ್ ಟೆಸ್ಟಿಗೆ ಅದ್ಯಾಕೆ ಅಂದ ಪುನೀತ್. ಹಾಡಣ ಅಂದೆ. ಹಾಡಿದರು, ಮೂರು ದನಿ ಒಟ್ಟಿಗೆ ಎದ್ದವು, ಒಟ್ಟಿಗೆ ನಿಂತವು, ಕಣ್ಣು ಬಿಟ್ಟಳು, ಖಾಲಿ ಕುರ್ಚಿಗಳು, ಬಾಗಿಲು ತೆರೆದೇ ಇದೆ, ಯಾರೂ ಇಲ್ಲ, ಒಂದು, ಎರಡು, ಸಂಜೆ ಅಮ್ಮಿ ಬಾಗಿಲಲ್ಲೇ ನಿಂತಿರುತ್ತಾಳೆ, ಮೂರು, ಮೈಕಿನ ಜಾಲರಿ, ಜಾಲರಿಯ ಮೇಲೆ ಅವತ್ತಿನದೇ ಬಿಳಿ ಚಿಟ್ಟೆ, ರೆಕ್ಕೆ ಇನ್ನೂ ಒದ್ದೆ, ಹಾರಲು ಬಾರದು, ಬಡಿಯುತ್ತಿದೆ, ಬಡಿಯುತ್ತಿದೆ, ಸದ್ದೇ ಇಲ್ಲ —