ಮುಚ್ಚಿದ ಕಾಲದ ಕಾವಲು

2009ನೇ ಇಸವಿ ಜೂನ್ 6, ಶನಿವಾರ, ಬೆಳಿಗ್ಗೆ 6 ಗಂಟೆ 40 ನಿಮಿಷಕ್ಕೆ ರೆಜೀನಾ ಶುಲಿಸ್ಟ್‌ಳ ಗಾಳಕ್ಕೆ ಬೀಳಬಾರದ ಮೀನು ಬಿತ್ತು.

ಅವಳು ಗಾಳ ಎಸೆದದ್ದು ಪೈಕ್ ಮೀನಿಗೆ. ಹೆಡ್ವಿಗ್ ಸರೋವರದಲ್ಲಿ ಪೈಕ್ ಹಿಡಿಯಲು ವರ್ಷವಿಡೀ ಅಡ್ಡಿಯಿಲ್ಲ. ಬಾಸ್ ಮೀನು ಹಾಗಲ್ಲ. ಅದು ಮೊಟ್ಟೆಯಿಡುವ ಹೊತ್ತೆಂದು ಜೂನ್ ತಿಂಗಳ ನಾಲ್ಕನೆಯ ಶನಿವಾರದವರೆಗೆ ಅದನ್ನು ಹಿಡಿಯುವ ಕಾಲ ಮುಚ್ಚಿರುತ್ತದೆ. ಹಿಡಿದು ಮನೆಗೊಯ್ಯುವುದಿರಲಿ, ಮರಳಿ ನೀರಿಗೆ ಬಿಡುತ್ತೇನೆಂದು ಗಾಳ ಹಾಕುವುದೂ ತಪ್ಪು. ಊರಿನವರಿಗೆ ಮೊದಲ ಮಾತು ಒಪ್ಪಿಗೆಯಾಗಿತ್ತು. ಎರಡನೆಯದು ಗಂಟಲಲ್ಲಿ ಇಳಿದಿರಲಿಲ್ಲ. "ಬಿಟ್ಟೇ ಬಿಡ್ತೀವಲ್ಲ, ಇನ್ನೇನು ನಷ್ಟ? ಮೀನೂ ಜೀವಂತ, ನಾವೂ ಖುಷಿ" ಎಂದು ಅಂಗಡಿಯ ಮುಂದೆ ಕಾಫಿ ಹಿಡಿದು ನಿಂತು ವಾದಿಸುತ್ತಿದ್ದರು. ಅವರಿಗಾಗಿಯೇ ರೆಜೀನಾ ದೋಣಿ ಇಳಿಸುವ ಜಾಗದಲ್ಲಿ ಒಂದು ಹಲಗೆ ನೆಟ್ಟು, ಹಸಿರು ಬಣ್ಣದಲ್ಲಿ ತನ್ನ ಕೈಯಾರೆ ಬರೆದಿದ್ದಳು: ಹಿಡಿದು ಬಿಡುವುದೂ ಹಿಡಿಯುವುದೇ.

ಮೂವತ್ತು ವರ್ಷ ಕುಡಿಯುವ ನೀರಿನ ಪ್ರಯೋಗಶಾಲೆಯಲ್ಲಿ ದುಡಿದು ನಿವೃತ್ತಳಾದವಳು ರೆಜೀನಾ. ಈಗ ವಸಂತದಲ್ಲಿ ಸರೋವರದ ದಡಗುಂಟ ಹುಟ್ಟು ಹಾಕುತ್ತ ಬಾಸ್ ಗೂಡುಗಳನ್ನು ಎಣಿಸುವುದು ಅವಳ ಕೆಲಸ. ಯಾರೂ ಹೇಳದೆ ತಾನೇ ಮೈಮೇಲೆ ಹಾಕಿಕೊಂಡದ್ದು. ಹಿಂದಿನ ವರ್ಷ ಇಪ್ಪತ್ತಾರು ಗೂಡು ಸಿಕ್ಕಿದ್ದವು. ಈ ವರ್ಷ ಹಿಮ ಕರಗುವುದು ತಡವಾಗಿ ಒಂಬತ್ತೇ ಒಂಬತ್ತು ಸಿಕ್ಕಿದ್ದವು. ಆ ಒಂಬತ್ತರಲ್ಲಿ ಒಂದೂ ಉತ್ತರ ದಡದಲ್ಲಿರಲಿಲ್ಲ. ಹಾಗೆಂದೇ ಅವತ್ತು ಪೈಕ್‌ಗೆ ಆ ದಡವನ್ನು ಆರಿಸಿಕೊಂಡಿದ್ದಳು.

"ಪೈಕಾ?" ಎಂದು ದೋಣಿಯ ಹಿಂಬದಿಯಿಂದ ಕೇಳಿದ ಆಂಬ್ರೋಸ್ ಕುಲಾಸ್. ಅವಳ ಅಕ್ಕನ ಗಂಡ, ಎಪ್ಪತ್ತೊಂದರ ಮುದುಕ. ಒಂದು ಕಾಲದಲ್ಲಿ ಮರದ ದಿಮ್ಮಿ ಲಾರಿ ಓಡಿಸುತ್ತಿದ್ದವನು, ಈಗ ಸೊಂಟ ಕೆಟ್ಟು ದೋಣಿಯನ್ನಷ್ಟೇ ಓಡಿಸುತ್ತಿದ್ದ.

ಉತ್ತರವನ್ನು ಮೀನೇ ಕೊಟ್ಟಿತು. ನೀರು ಸೀಳಿಕೊಂಡು ಮೊಳದೆತ್ತರ ಹಾರಿ, ಕಂಚಿನ ಬಣ್ಣದ ಮೈಯನ್ನು ಬಿಸಿಲಿಗೆ ಒಮ್ಮೆ ಕೊಡವಿ ಒಳಗೆ ಬಿತ್ತು.

"ಅಯ್ಯೋ ದೇವರೇ" ಎಂದಳು ರೆಜೀನಾ.

"ಬಾಸು! ಏನಮ್ಮಾ ಇನ್ಸ್‌ಪೆಕ್ಟರಮ್ಮ, ಹಲಗೆ ಓದಕ್ಕೆ ಬರಲ್ವಾ ನಿಮಗೆ? ಕನ್ನಡಕ ಮರ್ತು ಬಂದ್ರಾ?"

"ಸುಮ್ನಿರು ಭಾವ. ಬಲೆ ಕೊಡು, ಬೇಗ."

ಮೀನು ದಣಿಯುವ ಮೊದಲೇ ಎಳೆದು ಬಿಡಿಸಿಬಿಡಬೇಕೆಂಬುದು ಅವಳ ಲೆಕ್ಕ. ಆದರೆ ಪೈಕ್ ಗಾಳಕ್ಕೆ ಮೂರು ಕೊಕ್ಕೆ. ಒಂದು ಮೀನಿನ ತುಟಿಯಲ್ಲಿ ನಾಟಿತ್ತು, ಇನ್ನೆರಡು ಕೈಬಲೆಯ ದಾರಕ್ಕೆ ಸಿಕ್ಕಿಕೊಂಡವು. ಬಲೆಯನ್ನು ನೀರಿನಿಂದ ಮೇಲೆತ್ತದೆ, ಮೀನಿನ ಕಿವಿರು ಒಣಗದಂತೆ ನೋಡಿಕೊಂಡು, ದೋಣಿಯ ಅಂಚಿಗೆ ಹೊಟ್ಟೆಯೊತ್ತಿ ಬಾಗಿ ಇಕ್ಕಳದಿಂದ ಒಂದೊಂದೇ ಎಳೆ ಬಿಡಿಸಿದಳು. ಒರಟಾಗಿ ಎಳೆದರೆ ದವಡೆ ಹರಿಯುತ್ತದೆ. ಅವಳ ಕೈ ಯಾವತ್ತೂ ಅವಸರ ಮಾಡಿದ ಕೈಯಲ್ಲ. ಆದರೆ ಅಷ್ಟು ಹೊತ್ತೂ ಬಡಗಣ ಗಾಳಿ ದೋಣಿಯನ್ನು ದಡದಿಂದ ನಡುನೀರಿಗೆ ನೂಕುತ್ತಲೇ ಇತ್ತು.

ಕೊಕ್ಕೆ ಕಳಚುವಾಗ 6 ಗಂಟೆ 53 ನಿಮಿಷ. ಆಗ ಅವಳ ಕಣ್ಣು ಮೀನಿನ ಬಾಲಕ್ಕೆ ಹೋಯಿತು. ಬಾಲದ ಕೆಳ ಅಂಚು ಹಳೆಯ ಪೊರಕೆಯಂತೆ ಸವೆದು ಕೆಂಪಾಗಿತ್ತು. ಕಲ್ಲು ಗುಡಿಸಿದ ಬಾಲ ಅದು. ಗಂಡು ಬಾಸ್ ಹೀಗೆ ಬಾಲದಿಂದ ಗುಡಿಸಿ ಗೂಡು ಮಾಡುತ್ತದೆ. ಹೆಣ್ಣು ಬಂದು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಆಮೇಲೆ ಎರಡು ಮೂರು ವಾರ ತಂದೆಯೊಂದೇ ಕಾವಲು. ಆ ದಿನಗಳಲ್ಲಿ ಅದು ಉಣ್ಣುವುದು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಗೂಡಿನ ಹತ್ತಿರ ಸುಳಿದ ಏನನ್ನೇ ಆಗಲಿ ಕಚ್ಚಿ ಓಡಿಸುತ್ತದೆ. ಅವಳ ಗಾಳವನ್ನು ಕಚ್ಚಿದ್ದೂ ಹಾಗೆಯೇ.

"ಭಾವ, ಇದಕ್ಕೆ ಗೂಡಿದೆ" ಎಂದಳು.

ಆಂಬ್ರೋಸ್ ನಗು ನಿಲ್ಲಿಸಿದ. "ಹಂಗಾದ್ರೆ ಬಕೆಟ್‌ಗೆ ನೀರು ತುಂಬ್ತೀನಿ, ಹಾಕು. ಎರಡು ನಿಮಿಷದಲ್ಲಿ ವಾಪಸ್ ಕರ್ಕೊಂಡ್ ಹೋಗಿ ಅದರ ಮನೆ ಬಾಗಿಲಲ್ಲೇ ಬಿಡೋಣ."

"ದೋಣಿ ಒಳಗೆ ಇಟ್ಕೊಳ್ಳೋ ಹಾಗಿಲ್ಲ. ಮುಚ್ಚಿದ ಕಾಲದಲ್ಲಿ ಒಂದು ನಿಮಿಷ ಇಟ್ಕೊಂಡ್ರೂ ಅದು ಹಿಡಿದಿಟ್ಟ ಹಾಗೇ. ಹಿಡಿದ ಜಾಗದಲ್ಲೇ, ಆ ಕ್ಷಣಾನೇ ಬಿಡಬೇಕು."

"ಹಿಡಿದ ಜಾಗ ಅಲ್ಲಿದೆ ಕಣೇ, ನಾವ್ ಇಲ್ಲಿದೀವಿ!"

ಆ ಮಾತು ಕಿವಿಗೆ ಬೀಳುವಷ್ಟರಲ್ಲಿ ಅವಳ ಬೆರಳುಗಳು ತೆರೆದುಕೊಂಡಿದ್ದವು. ಅಷ್ಟು ವರ್ಷ ಊರಿಗೆಲ್ಲ ಹೇಳಿದ ಮಾತು ಕೈಗೂ ರೂಢಿಯಾಗಿಬಿಟ್ಟಿತ್ತು. ಮೀನು ಕಪ್ಪು ನೀರಿನೊಳಗೆ ನೆಟ್ಟಗೆ ಇಳಿದು ಮರೆಯಾಯಿತು. ಅವಳು ತಲೆಯೆತ್ತಿ ದಡ ನೋಡಿದಳು. ಗಾಳ ಎಸೆದಾಗ ಗುರಿಯಾಗಿದ್ದ ಬಾಗಿದ ಸೀಡರ್ ಮರ ಹೆಬ್ಬೆರಳಷ್ಟು ಕಾಣುತ್ತಿತ್ತು. ಆಮೇಲೆ ನಕ್ಷೆಯಲ್ಲಿ ಅಳೆದಾಗ ಆ ದೂರ ಮುನ್ನೂರ ಎಂಬತ್ತು ಮೀಟರ್ ಎಂದು ತಿಳಿಯಿತು. ನಡುವೆ ಹದಿನಾಲ್ಕು ಮೀಟರ್ ಆಳ.

"ದಡಕ್ಕೆ ನಡಿ ಭಾವ" ಎಂದಳು. ಆಂಬ್ರೋಸ್ ಮೋಟಾರು ತಿರುಗಿಸಿದ.

ಸೀಡರ್ ಮರದ ಕೆಳಗೆ, ದಡದಿಂದ ನಾಲ್ಕು ಮಾರು ದೂರದಲ್ಲಿ, ಒಂದು ಕಗ್ಗಲ್ಲಿನ ಮಗ್ಗುಲಲ್ಲಿ ಗೂಡಿತ್ತು. ಸುತ್ತಲಿನ ಕಂದು ಕೆಸರಿನ ನಡುವೆ ಮೊರದಗಲ ಜಾಗ ಗುಡಿಸಿ ತೊಳೆದಂತೆ ಹೊಳೆಯುತ್ತಿತ್ತು. ಅಲ್ಲಿನ ಬಿಳಿ ಹರಳುಕಲ್ಲುಗಳ ಮೇಲೆ ಹಳದಿ ಮೊಟ್ಟೆಗಳು, ಸಾಸಿವೆಯಷ್ಟೇ ಗಾತ್ರದವು, ಸಾವಿರಾರು. ಮತ್ತು ಅದರ ಮೇಲೆ ಹನ್ನೊಂದು ಸೂರ್ಯಮೀನುಗಳು, ಅಂಗೈಯಗಲದವು, ಬಾಲ ಮೇಲೆ ಮಾಡಿ, ಪಂಕ್ತಿಗೆ ಕೂತವರಂತೆ ಸಾಲಾಗಿ ಮೊಟ್ಟೆ ಹೆಕ್ಕಿ ತಿನ್ನುತ್ತಿದ್ದವು.

ರೆಜೀನಾ ಬೂಟು ಕಳಚುವಷ್ಟೂ ಕಾಯದೆ ನೀರಿಗಿಳಿದಳು.

ಸೊಂಟದವರೆಗೆ ನೀರು. ಹದಿನೇಳು ಡಿಗ್ರಿ ಎಂದು ಪುಸ್ತಕದಲ್ಲಿ ಬರೆಯುವಾಗ ಅದು ಹಿತವಾದ ಅಂಕಿಯೇ. ಮೈಗೆ ಅದು ಚಾಕುವಿನಂತೆ ಹತ್ತಿತು. ಅವಳು ಬಾಗಿ ಎರಡೂ ಕೈಯನ್ನು ನೀರಿನೊಳಗೆ ಬೀಸಿದಳು. ಕಳ್ಳರು ಚದುರಿದರು. ಮೂರು ಮಾರು ದೂರ ಹೋಗಿ ನಿಂತರು. ಒಂದು ನಿಮಿಷ ಕಾದು ಮತ್ತೆ ಬಂದರು. ಮತ್ತೆ ಬೀಸಿದಳು. ಈಗ ಎರಡು ಮಾರು ದೂರಕ್ಕಷ್ಟೇ ಹೋದರು. ಅವಳಿಗೆ ಹಲ್ಲಿಲ್ಲವೆಂಬುದು ಅವಕ್ಕೆ ಆಗಲೇ ಗೊತ್ತಾಗಿತ್ತು.

ಗೂಡಿನ ತೆಂಕಣ ಭಾಗ ಪೂರ್ತಿ ಬೋಳಾಗಿತ್ತು. ಹೆಚ್ಚು ಕಡಿಮೆ ಅರ್ಧ ಉಳಿದಿದೆ ಎಂದುಕೊಂಡಳು. ತಂದೆ ಮೀನು ಮರಳಿ ಬಂದರೂ ಉಳಿದದ್ದನ್ನು ನೋಡುತ್ತದೆ, ತೀರಾ ಕಡಿಮೆಯಿದ್ದರೆ ಗೂಡು ತೊರೆದು ಹೋಗುತ್ತದೆ ಎಂದು ಅವಳು ಓದಿದ್ದಳು. ಅಂದರೆ ಅದು ಬರುವವರೆಗೆ ಇಲ್ಲಿ ಒಂದು ಮೊಟ್ಟೆಯೂ ಕಡಿಮೆಯಾಗಬಾರದು. ಆದರೆ ತಾನು ಇಲ್ಲಿ ಕಂಬದ ಹಾಗೆ ನಿಂತಿದ್ದರೆ ಅದು ಬರುವುದಾದರೂ ಹೇಗೆ? ನಿಂತರೆ ತಂದೆ ಹೆದರುತ್ತದೆ, ಸರಿದರೆ ಕಳ್ಳರು ನುಗ್ಗುತ್ತಾರೆ. ಕೊನೆಗೆ ಗೂಡಿನಿಂದ ಒಂದು ತೋಳಿನಷ್ಟು ಹಿಂದೆ ಸರಿದು, ಮಂಡಿಯೂರಿ, ಕತ್ತಿನವರೆಗೆ ಮುಳುಗಿ ಕೂತಳು. ಕೈಗಳನ್ನಷ್ಟೇ ಗೂಡಿನ ಮೇಲೆ ಚಾಚಿದಳು.

ಜೂನ್ ತಿಂಗಳೆಂದರೆ ಕಪ್ಪು ನೊಣಗಳ ತಿಂಗಳು. ಅವು ಅವಳ ಕಿವಿಯ ಹಿಂದೆ, ಕೂದಲ ಅಂಚಿನಲ್ಲಿ ಕೂತು ರಕ್ತ ಹೀರತೊಡಗಿದವು. ಹೊಡೆಯಲು ಅವಳಿಗೆ ಮೂರನೆಯ ಕೈ ಇರಲಿಲ್ಲ.

"ಟೊಪ್ಪಿ ಎಸೀಲಾ?" ಎಂದು ದೂರದಲ್ಲಿ ಲಂಗರು ಹಾಕಿದ್ದ ಆಂಬ್ರೋಸ್ ಕೂಗಿದ.

"ಬೇಡ, ನೆರಳು ಬೀಳತ್ತೆ."

"ಟೀ?"

"ಯಾವ ಕೈಯಲ್ಲಿ ಕುಡೀಲಿ?"

"ಅದೂ ಸರಿ. ಹಂಗಾದ್ರೆ ನಾನಿಲ್ಲಿ ಜಪಮಾಲೆ ತಿರುಗಿಸ್ತೀನಿ, ನೀನಲ್ಲಿ ಕೈ ತಿರುಗ್ಸು. ಯಾರ್ದು ಕೆಲಸ ಮಾಡತ್ತೋ ನೋಡೋಣ." ಹತ್ತು ಮಣಿ ತಿರುಗಿಸಿ, "ಆ ಬಕೆಟ್ಟು..." ಎಂದು ಶುರುಮಾಡಿ ತಡೆದ.

"ಹೇಳು ಭಾವ. ಹೇಳ್ಬಿಡು."

"ಏನಿಲ್ಲ ಬಿಡು. ಬಕೆಟ್ಟು ತೂತಾಗಿದೆ ಅಂತ ಈಗ ನೋಡ್ದೆ."

ಬಕೆಟ್ ಕಳೆದ ವಾರ ಕೊಂಡದ್ದು, ಅವಳೇ ಆರಿಸಿದ್ದು. ಅವಳಿಗೆ ಆ ಚಳಿಯಲ್ಲೂ ಕಣ್ಣು ಬಿಸಿಯಾಯಿತು.

ಏಳೂವರೆಯಾಯಿತು. ಎಂಟಾಯಿತು. ಪಾದಗಳು ಇದ್ದಾವೋ ಇಲ್ಲವೋ ತಿಳಿಯದಾಯಿತು. ಬೀಸುವ ಕೈ ನಿಧಾನವಾದಂತೆಲ್ಲ ಸೂರ್ಯಮೀನುಗಳು ಒಂದೊಂದು ಗೇಣು ಮುಂದೆ ಬಂದವು. ಒಂದಂತೂ ಅವಳ ಬೆರಳ ಸಂದಿಯಿಂದಲೇ ನುಸುಳಿ ಒಂದು ಮೊಟ್ಟೆ ಕಿತ್ತುಕೊಂಡು ಹೋಯಿತು. ಒಂದು ಗಂಟೆಯ ಕಾವಲಿಗೇ ತೋಳು ಸೋತಿತ್ತು. ಇದನ್ನು ಹಗಲೂ ರಾತ್ರಿ, ಕೈಯಿಲ್ಲದೆ, ಹಸಿದ ಹೊಟ್ಟೆಯಲ್ಲಿ, ವಾರಗಟ್ಟಲೆ ಮಾಡುವ ಜೀವವೊಂದು ಈ ನೀರಿನಲ್ಲಿತ್ತು. ಅದನ್ನು ಅವಳು ಇಷ್ಟು ವರ್ಷ ಕಾಗದದ ಮೇಲೆ 'ಗೂಡು: ಒಂದು' ಎಂದು ಬರೆದುಕೊಂಡು ಮುಂದೆ ಸಾಗಿದ್ದಳು.

"ತುಟಿ ನೀಲಿ ಆಗಿದೆ ನಿಂದು" ಎಂದ ಆಂಬ್ರೋಸ್. ಈಗ ದನಿಯಲ್ಲಿ ತಮಾಷೆಯಿರಲಿಲ್ಲ. "ಸಾಕು, ದೋಣಿ ಹತ್ತು. ನಿಮ್ಮಕ್ಕ ನನ್ನ ಚರ್ಮ ಸುಲೀತಾಳೆ."

"ಇನ್ನೊಂದ್ ಸ್ವಲ್ಪ."

"ಅದು ಬರಲ್ಲ ಕಣೇ. ಅಷ್ಟು ದೂರ, ಅಷ್ಟು ಆಳ. ತುಟಿ ಬೇರೆ ಹರಿದಿದೆ. ಯಾವ ದಾರಿ ಅಂತ ಬರತ್ತೆ?"

ಅವಳು ಸೋತ ತೋಳನ್ನು ಬದಲಿಸಿ ಮತ್ತೊಮ್ಮೆ ಬೀಸಿದಳು.

8 ಗಂಟೆ 31 ನಿಮಿಷಕ್ಕೆ ಸೂರ್ಯಮೀನುಗಳೆಲ್ಲ ಒಟ್ಟಿಗೆ ಮಾಯವಾದವು. ಅವಳು ಕೈ ಬೀಸಿರಲಿಲ್ಲ. ಹನ್ನೊಂದಕ್ಕೆ ಹನ್ನೊಂದೂ ದೀಪ ಆರಿದಂತೆ ಇಲ್ಲವಾದವು. ಆಳದ ಕಡೆಯಿಂದ ಒಂದು ಕಪ್ಪು ಗೆರೆ ಮೇಲೇರಿ ಬಂತು. ಹತ್ತಿರವಾದಂತೆ ಕಂಚಿನ ಬಣ್ಣವಾಯಿತು. ಕೆಂಪು ಕಣ್ಣು. ತುಟಿಯ ಬಲಗಡೆ ಹರಿದು ನೇತಾಡುತ್ತಿದ್ದ ಬಿಳಿ ಚೂರು.

ಮೀನು ಅವಳ ಕೈಯಿಂದ ಒಂದು ಗೇಣು ದೂರದಲ್ಲಿ ನಿಂತು ಅವಳನ್ನು ದಿಟ್ಟಿಸಿತು. ಬಂದ ದಾರಿಯಲ್ಲೇ ತಿರುಗಿ ಹೋಗುತ್ತದೆ ಎಂದುಕೊಂಡಳು. ಅಷ್ಟರಲ್ಲಿ ಅದು ಬಾಣದಂತೆ ನುಗ್ಗಿ ಅವಳ ಬೆರಳ ಗೆಣ್ಣಿಗೆ ಅಪ್ಪಳಿಸಿತು. ಮರಳುಕಾಗದದಲ್ಲಿ ಉಜ್ಜಿದ ಹಾಗೆ ಚರ್ಮ ತರಚಿತು. ತಿರುಗಿ ಬಂದು ಮೊಣಕಾಲಿಗೆ ಹೊಡೆಯಿತು. ಮತ್ತೊಮ್ಮೆ.

"ಹೊಡೀತಾ ಇದಾನೆ ಭಾವ!"

"ಯಾರು?"

"ಅಪ್ಪ!"

ಅವಳ ತೂಕದ ಮೂವತ್ತರಲ್ಲಿ ಒಂದು ಪಾಲಿಲ್ಲದ ಜೀವ ಅವಳನ್ನು ಹೊರದಬ್ಬುತ್ತಿತ್ತು. ಇಷ್ಟು ಹೊತ್ತು ಮೊಟ್ಟೆ ಕಾದವಳೆಂಬ ಗುರುತೂ ಇಲ್ಲ, ಗಾಳ ಹಾಕಿದವಳೆಂಬ ಹೆದರಿಕೆಯೂ ಇಲ್ಲ. ಅದರ ಲೆಕ್ಕದಲ್ಲಿ ಅವಳೂ ಹನ್ನೆರಡನೆಯ ಸೂರ್ಯಮೀನು. ಅವಳು ಎದ್ದು ಒಂದೊಂದೇ ಹೆಜ್ಜೆ ಹಿಂದೆ ಸರಿದಳು. ನಾಲ್ಕನೆಯ ಹೆಜ್ಜೆಯವರೆಗೂ ಅದು ಅಟ್ಟಿಕೊಂಡು ಬಂತು. ಆಮೇಲೆ ಮೈ ತಿರುಗಿಸಿ ಗೂಡಿಗೆ ಹೋಯಿತು.

ಈಗ ಉಳಿದದ್ದು ಅದರ ತೀರ್ಪು. ಮೀನು ಮೊದಲು ಬೋಳಾದ ಅರ್ಧದ ಮೇಲೆ ನಿಂತಿತು, ತಲೆ ಕೆಳಗೆ ಮಾಡಿ. ಅಲ್ಲಿಂದ ಕದಲಲಿಲ್ಲ. ಕೊನೆಗೆ ಅದು ಮೆಲ್ಲನೆ ಉಳಿದ ಅರ್ಧದ ಮೇಲೆ ಸರಿಯಿತು. ಒಂದು ಸುತ್ತು ಬಂತು. ನಿಂತಿತು. ಎರಡು ಮಗ್ಗುಲ ರೆಕ್ಕೆಗಳು ಬೀಸತೊಡಗಿದವು, ಬೇಸಗೆಯಲ್ಲಿ ತೊಟ್ಟಿಲ ಪಕ್ಕ ಕೂತವರು ಬೀಸಣಿಗೆ ಬೀಸಿದ ಹಾಗೆ, ಒಂದೇ ಹದದಲ್ಲಿ. ಮೊಟ್ಟೆಗಳ ಮೇಲೆ ಕೂತಿದ್ದ ಸಣ್ಣ ಕೆಸರು ಎದ್ದು ಆಚೆ ಹೋಯಿತು.

ದೋಣಿಯಲ್ಲಿ ಆಂಬ್ರೋಸ್ ಎದ್ದು ನಿಂತು ಟೊಪ್ಪಿ ತೆಗೆದಿದ್ದ, ಇಗರ್ಜಿಯೊಳಗೆ ಕಾಲಿಟ್ಟವನಂತೆ. "ಐವತ್ತೈದು ವರ್ಷ ನಾನು ಗಾಳದ ಈ ತುದೀಲೇ ಕೂತಿದ್ದೆ ಕಣೇ" ಎಂದ, ಮೀನಿಗೆ ಕೇಳಿಸಬಾರದೆಂಬಷ್ಟು ಮೆಲ್ಲಗೆ. "ಆ ತುದೀಲಿ ಇಂಥವನು ಇರ್ತಾನೆ ಅಂತ ಯಾರೂ ಹೇಳ್ಲಿಲ್ವಲ್ಲ."

ಹೇಳಿದ್ದಳು ಅವಳೇ, ಎಷ್ಟೋ ಸಲ, ಅಂಕಿ ಅಂಶ ಸಹಿತ. ಆದರೆ ಈಗ ಆ ಮಾತು ಎತ್ತಲಿಲ್ಲ. ತನಗೂ ಇವತ್ತೇ ಯಾರೋ ಹೇಳಿದಂತಿತ್ತು. ಕತ್ತಲ ಆಳದಿಂದ, ಹರಿದ ಬಾಯಿ ಹೊತ್ತು, ಯಾವ ಗುರುತು ಹಿಡಿದು ಅದು ಈ ಒಂದು ಕಲ್ಲಿನ ಮಗ್ಗುಲಿಗೆ ಬಂತು? ನೀರಿನ ರುಚಿಯೋ, ಬೆಳಕಿನ ಓರೆಯೋ, ದಡದ ನೆನಪೋ. ಮೂವತ್ತು ವರ್ಷ ನೀರನ್ನು ಹನಿಹನಿಯಾಗಿ ಪರೀಕ್ಷಿಸಿದವಳಿಗೆ ನೀರಿನ ಬಗ್ಗೆ ಏನೂ ತಿಳಿಯದೆಂಬಂತಾಗಿ, ದೋಣಿ ಹತ್ತಲು ಹೇಳಿದ್ದೂ ಮರೆತು, ನಡುಗುತ್ತ ಅಲ್ಲೇ ನಿಂತಿದ್ದಳು.

ಮರುದಿನದಿಂದ ಅವಳು ದಿನಕ್ಕೊಮ್ಮೆ ಒಬ್ಬಳೇ ಹುಟ್ಟು ಹಾಕಿಕೊಂಡು ಬಂದು, ಇಪ್ಪತ್ತು ಮೀಟರ್ ದೂರದಿಂದ ದುರ್ಬೀನಿನಲ್ಲಿ ನೋಡಿ ಹೋದಳು. ಅವನಿದ್ದ. ದಿನದಿನಕ್ಕೂ ಹೊಟ್ಟೆ ಒಳಸೇರುತ್ತಿತ್ತು, ಹರಿದ ತುಟಿ ಬೆಳ್ಳಗೆ ಮಾಯುತ್ತಿತ್ತು, ರೆಕ್ಕೆ ಮಾತ್ರ ಬೀಸುತ್ತಲೇ ಇತ್ತು. ಗುಡುಗು ಮಳೆಯ ಮಂಗಳವಾರ ನೀರು ಕದಡಿ ಏನೂ ಕಾಣಲಿಲ್ಲ. ಆ ದಿನ ಅವಳಿಗೆ ಊಟ ಸೇರಲಿಲ್ಲ. ಬುಧವಾರ ನೀರು ತಿಳಿಯಾದಾಗ ಅವನು ಅಲ್ಲೇ ಇದ್ದ.

ಜೂನ್ 19, ಶುಕ್ರವಾರ, ಗೂಡಿನ ಮೇಲೆ ಕಪ್ಪು ಹೊಗೆಯೊಂದು ಎದ್ದಿತ್ತು. ದುರ್ಬೀನು ಹೊಂದಿಸಿದಾಗ ಹೊಗೆಗೆ ಕಣ್ಣುಗಳು ಮೂಡಿದವು. ನೂರಾರು ಮರಿಗಳು, ಮಸಿಯಷ್ಟು ಕಪ್ಪು, ಒಂದೇ ಮೈಯಂತೆ ತಿರುಗುತ್ತ, ಅಗಲವಾಗುತ್ತ, ಮತ್ತೆ ಕೂಡುತ್ತ ಇದ್ದವು. ಅವುಗಳ ಕೆಳಗೆ ತಂದೆ ಸುತ್ತು ಬರುತ್ತಿತ್ತು. ಹೊಗೆ ಮೆಲ್ಲಗೆ ದಡಗುಂಟ ಹರಡಿ ಅವಳು ದೋಣಿ ಕಟ್ಟಿ ಇಳಿದಿದ್ದ ದಡದ ಬಂಡೆಯ ತನಕ ಬಂತು. ಅವಳು ಬಂಡೆಯ ಅಂಚಿನಲ್ಲಿ ನೀರಿನೊಳಗೆ ಒಂದು ಉಕ್ಕಿನ ಅಳತೆಪಟ್ಟಿ ಮಲಗಿಸಿ, ಕೈ ಹಿಂದೆ ತೆಗೆದುಕೊಂಡು ಕಾದಳು. ಯಾವುದನ್ನೂ ಮುಟ್ಟಲಿಲ್ಲ. ಬಹಳ ಹೊತ್ತಿನ ಮೇಲೆ ಒಂದು ಮರಿ ಗುಂಪಿನಿಂದ ಬೇರೆಯಾಗಿ ಬಂದು ಪಟ್ಟಿಯ ಗೆರೆಗಳ ಮೇಲೆ ಕ್ಷಣಕಾಲ ನಿಂತಿತು.

ಅದರ ಉದ್ದ ಒಂಬತ್ತು ಮಿಲಿಮೀಟರ್.